ಜುಲೈ ಒಂದು: ಮಂಗಳೂರಿನ ಕಲ್ಲು, ಬಳ್ಳಾರಿಯ ಮೊಳೆ

ಕ್ರೈಸ್ತ ಚರಿತ್ರೆಯಲ್ಲಿ ಜುಲೈ 1 ನೆತ್ತರಿನ ದಿನ. 1523ರ ಆ ದಿನ ಬ್ರಸೆಲ್ಸ್ ನಗರದಲ್ಲಿ, ಲೂಥರನ ಬೋಧನೆಯನ್ನು ಬಿಡಲೊಪ್ಪದ ಇಬ್ಬರು ಅಗಸ್ಟೀನಿಯನ್ ಸಂನ್ಯಾಸಿಗಳನ್ನು ಸುಡಲಾಯಿತು. 1681ರಲ್ಲಿ, ಇಂಗ್ಲೆಂಡಿನ ಹಳೆಯ ಪಂಚಾಂಗದಂತೆ ಇದೇ ದಿನ, ಐರ್ಲೆಂಡಿನ ಆರ್ಚ್‌ಬಿಷಪ್ ಆಲಿವರ್ ಪ್ಲಂಕೆಟ್ ಲಂಡನ್ನಿನಲ್ಲಿ ಪ್ರಾಣ ತೆತ್ತರು. ಮೊದಲಿನವರನ್ನು ಕೊಂದದ್ದು ಕ್ಯಾಥೊಲಿಕರ ಆಳ್ವಿಕೆ, ಎರಡನೆಯವರನ್ನು ಪ್ರಾಟೆಸ್ಟೆಂಟರದು. ಲೆಕ್ಕ ಸಮವಾಯಿತೆನ್ನಬೇಕೆ?

ಕನ್ನಡಿಗರಿಗೆ ಮಾತ್ರ ಈ ತಾರೀಖು ಬೇರೆಯೇ ನೆನಪು ತರುತ್ತದೆ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ರಾಜ್ಯದಲ್ಲಿ ಪತ್ರಿಕಾ ದಿನಾಚರಣೆ ನಡೆಯುವುದು ಈ ಕಾರಣಕ್ಕೇ. ಆದರೆ ಆ ದಿನದ ಭಾಷಣಗಳಲ್ಲಿ ಬಳ್ಳಾರಿಯ ಹೆಸರು ಕೇಳಿಬರುವುದು ಅಪರೂಪ.

ಆ ಪಾಕ್ಷಿಕ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಪುಟವನ್ನು ಕೈಯಿಂದ ಬರೆದು, ಕಲ್ಲಿನ ಮೇಲೆ ಮೂಡಿಸಿ, ಕಾಗದಕ್ಕೆ ಒತ್ತಬೇಕು. ಪ್ರತಿ ಸಂಚಿಕೆಗೂ ಮತ್ತೆ ಮೊದಲಿಂದ ಬರವಣಿಗೆ. ಅಚ್ಚಿನ ಮೊಳೆಗಳಾದರೆ ಜೋಡಿಸಿ, ಬಿಚ್ಚಿ, ಮತ್ತೆ ಬಳಸಬಹುದು. ಓದುಗರು ಘಟ್ಟದ ಮೇಲೂ ಹರಡಿದಾಗ ಪತ್ರಿಕೆ 1844ರಲ್ಲಿ ಬಳ್ಳಾರಿಯ ಮುದ್ರಣಾಲಯಕ್ಕೆ ಬಂತು. ಹೆಸರೂ 'ಕನ್ನಡ ಸಮಾಚಾರ' ಎಂದಾಯಿತು. ಒಂದು ಊರಿನ ಹೆಸರು ಕಳಚಿ ಒಂದು ಭಾಷೆಯ ಹೆಸರು ಬಂದದ್ದು ಸಣ್ಣ ಮಾತಲ್ಲ.

ಬಳ್ಳಾರಿಯಲ್ಲಿ ಮೊಳೆಗಳಿದ್ದುದಕ್ಕೆ ಹಿನ್ನೆಲೆಯುಂಟು. 1800ರಲ್ಲಿ ನಿಜಾಮನಿಂದ ಕಂಪನಿಗೆ ಸೇರಿದ ಈ ಸೀಮೆಗೆ 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಂದರು. ಇತ್ತ ಕುರುಗೋಡಿನ ಬೆಟ್ಟ, ಅತ್ತ ಸಿರುಗುಪ್ಪದ ತುಂಗಭದ್ರೆ. ನಡುವೆ ಕನ್ನಡ, ತೆಲುಗು ಎರಡೂ ಬೆರೆತ ಸಂತೆ-ಪೇಟೆಗಳು. ಇಂಥ ನೆಲದಲ್ಲಿ ಕುಳಿತು ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು. 1831ರಲ್ಲಿ ಅದು ಪೂರ್ತಿ ಅಚ್ಚಾಯಿತು. ಅವರ ಜತೆ ದುಡಿದ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮರುವರ್ಷ ಮದರಾಸಿನಲ್ಲಿ ಪ್ರಕಟವಾಯಿತು.

ಇವರು ಬಂದದ್ದು ಮತಪ್ರಚಾರಕ್ಕೆ, ಕನ್ನಡದ ಸೇವೆಗಲ್ಲ, ಅದನ್ನು ಮುಚ್ಚಿಡಬೇಕಾದ್ದಿಲ್ಲ. ಆದರೆ ಧರ್ಮಗ್ರಂಥಕ್ಕೆಂದು ಅಣಿಯಾದ ಮುದ್ರಣಾಲಯವೇ ಸುದ್ದಿಗೂ ಒದಗಿತು.

'ಕನ್ನಡ ಸಮಾಚಾರ' ಬಹುಕಾಲ ಬಾಳಲಿಲ್ಲ. ಹ್ಯಾಂಡ್ಸರ ಬೈಬಲನ್ನು ತಿದ್ದುವ ಕೆಲಸವೂ ಮುಂದೆ ನಡೆಯಿತು. ಅದರಲ್ಲಿ ಕೈಜೋಡಿಸಿದವರೊಬ್ಬರು ಬಾಸೆಲ್ ಮಿಷನ್ನಿನ ವೈಗ್ಲೆ, ಮೋಗ್ಲಿಂಗರ ಒಡನಾಡಿ.