ಶುಲ್ಕದ ಮನೆಗೆ ಸುಂಕದ ರೊಕ್ಕ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ‘ಶುಲ್ಕ’ ಎಂದು ಬಾಯಲ್ಲಿ ಆಡುವವರು ಕಡಿಮೆ. ಸಾಲಿಗೆ ಕಟ್ಟುವುದು ಫೀ. ಶುಲ್ಕ ಇರುವುದು ರಸೀದಿಯಲ್ಲಿ, ಬಿಇಒ ಕಚೇರಿಯ ಕಡತದಲ್ಲಿ. ಅಲ್ಲಿಯೂ 2012ರ ಈಚೆಗೆ ಅದು ಹೊಸ ಜೋಡಿ ಕಟ್ಟಿಕೊಂಡಿದೆ: ಶುಲ್ಕ ಮರುಪಾವತಿ.

ಪದ ಬಲು ಹಳೆಯದು. ಋಗ್ವೇದದಲ್ಲಿ ಶುಲ್ಕವೆಂದರೆ ಬೆಲೆ. ದುರ್ಬಲರು ಬಲಿಷ್ಠರಿಗೆ ಶುಲ್ಕ ತೆರಬೇಕಿಲ್ಲದ ಲೋಕವೊಂದನ್ನು ಅಥರ್ವವೇದ ಕಲ್ಪಿಸುತ್ತದೆ. ಅಷ್ಟರಲ್ಲಾಗಲೇ ಅದು ಕಪ್ಪವಾಗಿತ್ತು. ಜನಕನಿಗೆ ಸೀತೆ ವೀರ್ಯಶುಲ್ಕೆ, ಪರಾಕ್ರಮವೇ ಬೆಲೆಯಾದವಳು. ಕೌಟಿಲ್ಯನ ಶುಲ್ಕಾಧ್ಯಕ್ಷ ಊರಬಾಗಿಲಲ್ಲಿ ಸರಕು ತಡೆದು ವಸೂಲಿ ಮಾಡುವವನು.

ಇದೇ ಪದ ಪ್ರಾಕೃತದ ಹಾದಿಯಲ್ಲಿ ಲಕಾರ ಕಳೆದುಕೊಂಡು, ಸೊನ್ನೆ ಸಂಪಾದಿಸಿ, ಕನ್ನಡದಲ್ಲಿ ಸುಂಕವಾಯಿತು. ಶಾಸನಗಳಲ್ಲಿ ಅದರದು ದೊಡ್ಡ ಸಂಸಾರ: ಪೆರ್ಜುಂಕ, ಹೆಜ್ಜುಂಕ, ಲೆಕ್ಕ ನೋಡಲು ಸುಂಕವೆರ್ಗಡೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬುದು ಜನ ಕಂಡುಕೊಂಡದ್ದು. ಕ್ರಮೇಣ ಎರಡು ರೂಪಗಳೂ ಕೆಲಸ ಹಂಚಿಕೊಂಡವು. ಎಲ್ಲರೂ ತೆರುವುದು ಸುಂಕ, ಪಡೆದವನು ಕಟ್ಟುವುದು ಶುಲ್ಕ. ಅಬಕಾರಿ ಶುಲ್ಕ, ಮುದ್ರಾಂಕ ಶುಲ್ಕಗಳು ಈ ಬೇಲಿ ಹಾರುತ್ತವೆ, ಇರಲಿ.

ವಿದ್ಯೆಯ ಖರ್ಚು ಯಾವ ಕಡೆಯದು? ಇಂಡಿ ತಾಲೂಕಿನ ಸಾಲೋಟಗಿಯಲ್ಲಿ 945ರ ಶಾಸನವಿದೆ. ವಿದ್ಯಾರ್ಥಿಗಳಿಗೆ 27 ಮನೆ, ಭೂಮಿ, ಜತೆಗೆ ಮದುವೆ, ಉಪನಯನ ನಡೆದಾಗಲೆಲ್ಲ ಶಾಲೆಗೆ ಇಂತಿಷ್ಟು ನಾಣ್ಯ. ಹೆಸರು ಸುಂಕವಲ್ಲ, ಗುಣ ಅದರದೇ. ತಮ್ಮ ಮಗ ಅಲ್ಲಿ ಓದಲಿ ಬಿಡಲಿ, ಮದುವೆ ಮಾಡಿದವರು ಕೊಡಬೇಕು. ಎರಡೂ ಅಲ್ಲದ ದಾರಿಯೂ ಒಂದಿತ್ತು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಕವಿ ಚಂದ್ರಶೇಖರ ಕಂಬಾರರು ಬಡತನದಿಂದ ಓದು ಬಿಟ್ಟಾಗ ಹೈಸ್ಕೂಲಿನ ಖರ್ಚು ಹೊತ್ತದ್ದು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು.

2009ರ ಶಿಕ್ಷಣ ಹಕ್ಕು ಕಾಯ್ದೆ ಸುಂಕವನ್ನು ಮತ್ತೆ ಶುಲ್ಕಕ್ಕೆ ಗಂಟು ಹಾಕಿತು. ಖಾಸಗಿ ಶಾಲೆಯ ಪ್ರವೇಶದ ತರಗತಿಯ ಶೇಕಡಾ 25 ಸೀಟು ಬಡ, ಹಿಂದುಳಿದ ಮನೆಯ ಮಕ್ಕಳಿಗೆ. ಅವರ ಶುಲ್ಕ ಸರ್ಕಾರದ್ದು. ಕರ್ನಾಟಕ ಒಂದನೇ ತರಗತಿಗೆ ವರ್ಷಕ್ಕೆ 16,000, ಎಲ್‌ಕೆಜಿಗೆ 8,000 ರೂಪಾಯಿ ಮಿತಿ ಇಟ್ಟಿತು. ಅಮೆರಿಕದ ಮಿಲ್ವಾಕಿಯಲ್ಲಿ 1990ರಿಂದ ನಡೆದಿರುವ ಶಾಲಾ ವೋಚರಿಗೆ ಇದು ದಾಯಾದಿ. ನಮ್ಮಲ್ಲಿ ಚೀಟಿ ಹೆತ್ತವರ ಕೈಗೆ ಬರುವುದಿಲ್ಲ, ರೊಕ್ಕ ನೇರ ಶಾಲೆಗೆ ಹೋಗುತ್ತದೆ.

ತೊಡಕು ಇರುವುದು ಲೆಕ್ಕದಲ್ಲಿ. ಅರವತ್ತು ಮಕ್ಕಳ ಕನ್ನಡ ಸಾಲಿಯಿಂದ ಹತ್ತು ಮಕ್ಕಳು ಹೋದರೆ ಮರುಪಾವತಿ 1,60,000 ರೂಪಾಯಿವರೆಗೆ ಏರುತ್ತದೆ. ಸರ್ಕಾರಕ್ಕೆ ಉಳಿತಾಯವಾಗುವುದು ಹತ್ತು ಮಕ್ಕಳ ಪುಸ್ತಕ, ಸಮವಸ್ತ್ರ, ಬಿಸಿಯೂಟದ ಖರ್ಚು. ಮಾಸ್ತರರ ಪಗಾರ, ಕೋಣೆಯ ದುರಸ್ತಿ, ಕರೆಂಟ್ ಬಿಲ್ಲು ಕರಗುವುದಿಲ್ಲ. ಉಳಿದವರ ತಲಾ ಖರ್ಚು ಏರುತ್ತದೆ. ಮಕ್ಕಳು ಇನ್ನೂ ಕಡಿಮೆಯಾದರೆ ‘ಹೆಚ್ಚುವರಿ ಶಿಕ್ಷಕ’ ಎಂಬ ಪಟ್ಟಿ ಹೊರಡುತ್ತದೆ, ಮಾಸ್ತರರು ಬೇರೆ ಊರಿಗೆ. ಅದನ್ನು ಕಂಡ ಇನ್ನೊಬ್ಬನ ತಂದೆಯೂ ಟಿಸಿ ಕೇಳುತ್ತಾನೆ. ಶುಲ್ಕ ಮಗುವಿನ ಹಿಂದೆ ನಡೆಯುತ್ತದೆ, ಸುಂಕದ ಸಾಲಿ ನಿಂತಲ್ಲೇ ನಿಲ್ಲಬೇಕು.

2019ರ ಜನವರಿಯಲ್ಲಿ ಕರ್ನಾಟಕ ನಿಯಮ ತಿದ್ದಿತು: ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಸೀಟಿಲ್ಲ. ಮೇ 31ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕನ್ನಡ ಸಾಲಿ ಇಲ್ಲದ ಹಳ್ಳಿ ಈ ತಾಲೂಕುಗಳಲ್ಲಿ ಎಲ್ಲಿದೆ? ಖಜಾನೆಯ ದೃಷ್ಟಿಯಿಂದ ನಿರ್ಧಾರ ಸರಿಯೇ. ಆದರೆ ಉಳಿತಾಯ ಆ ಸಾಲಿಗಳ ಬಾಬ್ತಿಗೇ ಸೇರಬೇಕೆಂದು ನಿಯಮ ಹೇಳಲಿಲ್ಲ. ಬಾಗಿಲು ಹಾಕಿದ್ದಷ್ಟೇ ಆಯಿತು. ಇಂಗ್ಲಿಷ್ ಮೀಡಿಯಂ ಬಿಡಲೊಲ್ಲದ ಬಡವ ಸುಂಕದ ಜತೆ ಶುಲ್ಕವನ್ನೂ ಕಟ್ಟಬೇಕು.

ಮಹಾರಾಷ್ಟ್ರ 2024ರಲ್ಲಿ ಖಾಸಗಿ ಶಾಲೆಗಳಿಗೆ ಇಂಥದೇ ವಿನಾಯಿತಿ ತಂದಾಗ ಬಾಂಬೆ ಹೈಕೋರ್ಟ್ ಜುಲೈಯಲ್ಲಿ ರದ್ದುಮಾಡಿತು. ಸುಪ್ರೀಂ ಕೋರ್ಟ್ ಆಗಸ್ಟಿನಲ್ಲಿ ಮಧ್ಯಪ್ರವೇಶಿಸಲಿಲ್ಲ. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಮಹಾರಾಷ್ಟ್ರದ ಗಡಹಿಂಗ್ಲಜ ದೂರವೇನಿಲ್ಲ. ಒಂದೇ ಕಾಯ್ದೆ, ಆ ಕಡೆ ಶುಲ್ಕ ಸರ್ಕಾರದ್ದು, ಈ ಕಡೆ ಅಪ್ಪನದು.