ಸೂರ್ಯನ ಬೆಂಕಿಗೆ ಅಳತೆಗೋಲು



ಸೂರ್ಯನು ಕೋಟ್ಯಂತರ ವರ್ಷ ಉರಿದರೂ ಏಕೆ ಆರಿಲ್ಲವೆಂದು ನೀವು ಯೋಚಿಸಿದ್ದೀರಾ? ನಾಲ್ಕು ಹೈಡ್ರೋಜನ್ ಪರಮಾಣುಗಳಿಗಿಂತ ಒಂದು ಹೀಲಿಯಂ ಪರಮಾಣುವಿನ ತೂಕ ಸ್ವಲ್ಪ ಕಡಿಮೆ ಎಂಬುದು 1920ರ ಹೊತ್ತಿಗೆ ಆಸ್ಟನ್ ಎಂಬ ಆಂಗ್ಲ ವಿಜ್ಞಾನಿಯ ಅಳತೆಗಳಿಂದ ತಿಳಿಯಿತು. ದ್ರವ್ಯರಾಶಿ ಶಕ್ತಿಯಾಗಬಲ್ಲದೆಂದು ಐನ್‌ಸ್ಟೈನ್ 1905ರಲ್ಲೇ ಹೇಳಿದ್ದರು. ಎರಡನ್ನೂ ಜೋಡಿಸಿದ ಎಡಿಂಗ್ಟನ್, ಸೂರ್ಯನ ಶಕ್ತಿಯ ಮೂಲ ಇದೇ ಇರಬಹುದೆಂದು 1920ರಲ್ಲಿ ಸೂಚಿಸಿದರು. ಇದೇ ಬೈಜಿಕ ಸಮ್ಮಿಲನ.

ಭೂಮಿಯ ಮೇಲೆ ಇದು ಏಕೆ ಕಷ್ಟ? ಪರಮಾಣು ಬೀಜಗಳೆಲ್ಲ ಧನ ಆವೇಶವುಳ್ಳವು. ಒಂದೇ ಬಗೆಯ ಆವೇಶಗಳು ಪರಸ್ಪರ ದೂರ ತಳ್ಳುತ್ತವೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಅವು ಕೂಡಬೇಕಾದರೆ ಕೋಟಿಗಟ್ಟಲೆ ಡಿಗ್ರಿ ಉಷ್ಣತೆ ಬೇಕು. ಅಂಥ ಅನಿಲವನ್ನು ಯಾವ ಪಾತ್ರೆಯೂ ತಾಳದು, ಕಾಂತಕ್ಷೇತ್ರದಲ್ಲಿ ಹಿಡಿದಿಡುವುದು ಒಂದು ದಾರಿ.

1958ರ ಜನವರಿಯಲ್ಲಿ ಬ್ರಿಟನ್ನಿನ ಝೀಟಾ ಯಂತ್ರದಿಂದ ನ್ಯೂಟ್ರಾನುಗಳು ಹೊರಬಂದವು. ಇವು ಸಮ್ಮಿಲನದ ಉಷ್ಣತೆಯಿಂದಲೇ ಬಂದಿವೆಯೆಂದು ಶೇಕಡಾ 90ರಷ್ಟು ಖಾತ್ರಿಯಿದೆ ಎಂದರು ನೊಬೆಲ್ ಪುರಸ್ಕೃತ ಕಾಕ್‌ಕ್ರಾಫ್ಟ್. ಪತ್ರಿಕೆಗಳು ಸಂಭ್ರಮಿಸಿದವು. ಆದರೆ ಅದೇ ದೇಶದ ವಿಜ್ಞಾನಿಗಳು ಅಳೆದು ನೋಡಿದಾಗ, ನ್ಯೂಟ್ರಾನುಗಳ ಶಕ್ತಿ ದಿಕ್ಕಿಗೆ ತಕ್ಕಂತೆ ಬದಲಾಗುತ್ತಿತ್ತು. ನಿಜವಾದ ಉಷ್ಣತೆಯಿಂದ ಬಂದಿದ್ದರೆ ಎಲ್ಲ ದಿಕ್ಕಿನಲ್ಲೂ ಸಮನಾಗಿರಬೇಕಿತ್ತು. ಕೆಲವೇ ತಿಂಗಳಲ್ಲಿ ಘೋಷಣೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಹತ್ತು ವರ್ಷಗಳ ಬಳಿಕ, 1968ರಲ್ಲಿ, ಸೋವಿಯತ್ ವಿಜ್ಞಾನಿಗಳು ತಮ್ಮ ಟೋಕಮಾಕ್ ಯಂತ್ರದಲ್ಲಿ ಸುಮಾರು 1 ಕೋಟಿ ಡಿಗ್ರಿ ತಲುಪಿದ್ದೇವೆ ಎಂದಾಗ ಹಲವರು ನಂಬಲಿಲ್ಲ. ಅವರ ನಾಯಕ ಆರ್ಟ್ಸಿಮೋವಿಚ್ ಕೋಪಿಸಿಕೊಳ್ಳಲಿಲ್ಲ. 'ನೀವೇ ಬಂದು ಅಳೆಯಿರಿ' ಎಂಬಂತೆ ಬ್ರಿಟಿಷರನ್ನೇ ಆಹ್ವಾನಿಸಿದರು. ಅದು ಶೀತಲ ಸಮರದ ಕಾಲ. ಬ್ರಿಟಿಷ್ ತಂಡ ಟನ್‌ಗಟ್ಟಲೆ ಉಪಕರಣಗಳೊಂದಿಗೆ ಮಾಸ್ಕೋಗೆ ಹೋಗಿ, ಲೇಸರ್ ಬೆಳಕು ಎಲೆಕ್ಟ್ರಾನುಗಳಿಗೆ ತಾಗಿ ಚದುರುವುದನ್ನು ಪರೀಕ್ಷಿಸಿತು. 1969ರಲ್ಲಿ ಫಲಿತಾಂಶ ಪ್ರಕಟವಾಯಿತು: ಸೋವಿಯತ್ತರ ಮಾತು ನಿಜ! ಎದುರು ಪಾಳಯದವರೇ ಸಾಕ್ಷಿ ನುಡಿದ ಮೇಲೆ ಜಗತ್ತೆಲ್ಲ ಟೋಕಮಾಕ್ ಕಟ್ಟತೊಡಗಿತು. ನಮ್ಮ ಗಾಂಧಿನಗರದ 'ಆದಿತ್ಯ' 1989ರಲ್ಲಿ ಕೆಲಸ ಆರಂಭಿಸಿತು.

2022ರ ಡಿಸೆಂಬರ್ 5ರಂದು ಅಮೆರಿಕದಲ್ಲಿ 2.05 ಮೆಗಾಜೂಲ್ ಲೇಸರ್ ಶಕ್ತಿಗೆ 3.15 ಮೆಗಾಜೂಲ್ ಸಮ್ಮಿಲನ ಶಕ್ತಿ ದೊರೆಯಿತು. ದೊಡ್ಡ ಸಾಧನೆಯೇ ಸರಿ. ಆದರೆ ಆ ಲೇಸರುಗಳಿಗೆ ಬಳಸಿದ ವಿದ್ಯುತ್ತು ಸುಮಾರು 300 ಮೆಗಾಜೂಲ್ ಎಂಬ ಲೆಕ್ಕವನ್ನೂ ಮರೆಯಬಾರದು. ಮನೆಗಳಿಗೆ ಬೆಳಕು ಕೊಡುವ ಸಮ್ಮಿಲನ ಸ್ಥಾವರ ಇನ್ನೂ ಬಂದಿಲ್ಲ.

ಸಾವಿರ ವರ್ಷಗಳ ಹಿಂದೆ ಬೆಳಕನ್ನು ಪ್ರಯೋಗಗಳಿಂದ ಅರಿತ ಇಬ್ನುಲ್ ಹೈಸಮ್, ಟಾಲೆಮಿಯಂಥ ಮಹಾಪಂಡಿತನ ಮಾತನ್ನೂ ಪರೀಕ್ಷಿಸದೆ ಒಪ್ಪಲಿಲ್ಲ. ಮಾಸ್ಕೋದಲ್ಲಿ ಸಂದೇಹ ನಿವಾರಿಸಿದ್ದೂ ಬೆಳಕೇ. ಪ್ರಕೃತಿಯ ನಿಯಮಕ್ಕೆ ಹೆಸರು, ಪದವಿ, ದೇಶಗಳ ಹಂಗಿಲ್ಲ. ಪ್ರಯೋಗಾಲಯದಲ್ಲಿ ನೀವು ಪಡೆದ ಉತ್ತರವನ್ನು ಪಕ್ಕದವನು ಪ್ರಶ್ನಿಸಿದರೆ ಮುನಿಯಬೇಡಿ. ಅಳತೆಪಟ್ಟಿಯನ್ನು ಅವನ ಕೈಗೇ ಕೊಡಿ. ಇಲ್ಮ್ ಬೆಳೆಯುವುದು ಹಾಗೆಯೇ.