ನೆಲವಾಹಿ ಸದ್ದಿನ ನಿಗಾ: ಲಂಡನ್ ಸುರಂಗ ರೈಲಿನ ಅನುಭವ

ನಗರದ ಅಡಿಯಲ್ಲಿ ಓಡುವ ರೈಲು ಹುಟ್ಟಿಸಿದ ಕಂಪನ ಸುರಂಗದ ಗೋಡೆ, ಮಣ್ಣು, ಕಟ್ಟಡದ ಪಾಯಗಳನ್ನು ಹಾದು ಬಂದು ಕೋಣೆಯೊಳಗೆ ಮಂದ್ರ ಗುಡುಗುಡು ಸದ್ದಾಗಿ ಕೇಳಿಸಿದರೆ ಅದು ನೆಲವಾಹಿ ಸದ್ದು. ಗಾಳಿಯಲ್ಲಿ ಬರುವ ಸದ್ದಿಗೆ ಕಿಟಕಿ ಮುಚ್ಚಬಹುದು, ಇದಕ್ಕೆ ಆ ಉಪಾಯ ನಡೆಯದು. ಹೊರಗಿನ ಸದ್ದು ಅಡಗಿದಷ್ಟೂ ಇದು ಎದ್ದು ಕೇಳುತ್ತದೆ. ಇದನ್ನು ಅಳೆಯುವ, ಮುಂದಾಗಿ ಅಂದಾಜಿಸುವ, ಮಿತಿಯೊಳಗೆ ಇರಿಸುವ ಕೆಲಸಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸದ ಬಹುಭಾಗ ಲಂಡನ್ನಿನ ನೆಲದಡಿಯಲ್ಲೇ ನಡೆದಿದೆ.

ಮೂಲ ಇರುವುದು ಚಕ್ರ ಹಳಿಯನ್ನು ತಾಕುವ ಜಾಗದಲ್ಲಿ. ನುಣುಪಾಗಿ ಕಂಡರೂ ಎರಡರ ಮೈಯಲ್ಲೂ ಸಣ್ಣ ಉಬ್ಬುತಗ್ಗುಗಳಿರುತ್ತವೆ. ಅವುಗಳ ಮೇಲೆ ಟನ್ನುಗಟ್ಟಲೆ ಭಾರ ಉರುಳಿದಾಗ ಹಳಿ ನಡುಗುತ್ತದೆ, ನಡುಕ ಸ್ಲೀಪರಿಗೂ ಸುರಂಗದ ಕವಚಕ್ಕೂ ಇಳಿದು ಮಣ್ಣಿನಲ್ಲಿ ಅಲೆಗಳಾಗಿ ಹರಡುತ್ತದೆ. ಕೊನೆಗೆ ಮನೆಯ ನೆಲಹಾಸು, ಗೋಡೆ, ತಾರಸಿಗಳು ಮದ್ದಳೆಯ ಚರ್ಮದಂತೆ ಮಿಡಿದು ಗಾಳಿಯನ್ನು ಅಲುಗಿಸುತ್ತವೆ. ಮೈಗೆ ಅರಿವಾಗುವ ಕಂಪನ ಸುಮಾರು 1ರಿಂದ 80 ಹರ್ಟ್ಸ್ ವ್ಯಾಪ್ತಿಯದು. ಕಿವಿಗೆ ಬೀಳುವ ಗುಡುಗು ಹೆಚ್ಚಾಗಿ 250 ಹರ್ಟ್ಸ್‌ಗಿಂತ ಕೆಳಗಿನದು.

ಈ ಕುರಿತು ಮೊದಲು ಆತಂಕಪಟ್ಟವರಲ್ಲಿ ಖಗೋಳ ವಿಜ್ಞಾನಿಗಳೂ ಇದ್ದರು. 19ನೆಯ ಶತಮಾನದ ಮೊದಲರ್ಧದಲ್ಲೇ ಗ್ರೀನಿಚ್ ಉದ್ಯಾನದ ಮೂಲಕ ರೈಲುದಾರಿ ಹಾಯಿಸುವ ಪ್ರಸ್ತಾವಗಳು ಬಂದಾಗ ಅಲ್ಲಿನ ರಾಜ ವೀಕ್ಷಣಾಲಯದ ಮುಖ್ಯಸ್ಥ ಜಾರ್ಜ್ ಏರಿಗೆ ಎದುರಾದ ಪ್ರಶ್ನೆ ಇದೇ. ತೊಟ್ಟಿಯಲ್ಲಿ ತುಂಬಿದ ಪಾದರಸದ ಮೇಲೆ ನಕ್ಷತ್ರದ ಬಿಂಬ ನೋಡುವುದು ಅಲ್ಲಿನ ನಿತ್ಯದ ಕೆಲಸದ ಭಾಗವಾಗಿತ್ತು. ನೆಲ ತುಸು ನಡುಗಿದರೂ ಬಿಂಬ ಕದಡುತ್ತಿತ್ತು. ಹೀಗಾಗಿ ಪಾದರಸದ ಮೈಯೇ ಕಂಪನವನ್ನು ತೋರಿಸಿಕೊಡುವ ಸೂಕ್ಷ್ಮ ಸಾಧನವಾಯಿತು. 1878ರಲ್ಲಿ ಕೊನೆಗೂ ಆ ದಾರಿ ತೆರೆದಾಗ ಅದು ವೀಕ್ಷಣಾಲಯದ ಗುಡ್ಡದಿಂದ ದೂರ, ಉತ್ತರದ ತಗ್ಗಿನಲ್ಲಿ, ಸುರಂಗದ ಮೂಲಕ ಸಾಗಿತು.

ಜಗತ್ತಿನ ಮೊದಲ ನೆಲದಡಿ ರೈಲು 1863ರ ಜನವರಿ 10ರಂದು ಲಂಡನ್ನಿನಲ್ಲಿ ಓಡಿತು. ಉಗಿಬಂಡಿಯ ಆ ಕಾಲದಲ್ಲಿ ಜನರ ಮುಖ್ಯ ದೂರು ಹೊಗೆಯದು. ಕಂಪನ ನಗರದ ಪ್ರಶ್ನೆಯಾದದ್ದು ಆಳದ ವಿದ್ಯುತ್ ರೈಲು ಬಂದ ಮೇಲೆ. ಶೆಪರ್ಡ್ಸ್ ಬುಷ್‌ನಿಂದ ಬ್ಯಾಂಕ್‌ವರೆಗಿನ ಸೆಂಟ್ರಲ್ ಲಂಡನ್ ರೈಲು 1900ರ ಜುಲೈ 30ರಂದು ಸಾರ್ವಜನಿಕರಿಗೆ ತೆರೆಯಿತು. ಎಲ್ಲಿಗೆ ಹೋದರೂ ಎರಡು ಪೆನ್ನಿ ಎಂಬ ದರದಿಂದಾಗಿ ಅದು ಕೂಡಲೇ ಜನಪ್ರಿಯವಾಯಿತು. ಅಷ್ಟೇ ಬೇಗ ದಾರಿಯುದ್ದದ ಕಟ್ಟಡಗಳಿಂದ ದೂರುಗಳೂ ಬಂದವು. ಚೀಪ್‌ಸೈಡ್ ಬೀದಿಯ ಕಚೇರಿಗಳಲ್ಲಿ ನಕ್ಷೆ ಬರೆಯುವವರಿಗೆ ಗೆರೆ ನೇರ ಎಳೆಯಲಾಗುತ್ತಿಲ್ಲ ಎಂಬುದು ಅವುಗಳಲ್ಲೊಂದು.

ಸರ್ಕಾರದ ಬೋರ್ಡ್ ಆಫ್ ಟ್ರೇಡ್ 1901ರಲ್ಲಿ ಸಮಿತಿಯೊಂದನ್ನು ನೇಮಿಸಿ ಅದರ ಅಧ್ಯಕ್ಷತೆಯನ್ನು ಲಾರ್ಡ್ ರ‍್ಯಾಲೆಗೆ ವಹಿಸಿತು. ಇದಕ್ಕಿಂತ ಸರಿಯಾದ ಆಯ್ಕೆ ಇರಲಾರದು. ಧ್ವನಿವಿಜ್ಞಾನದ ಮೇರುಗ್ರಂಥ ಬರೆದವರೂ, ನೆಲದ ಮೇಲ್ಮೈಯಲ್ಲಿ ಸಾಗುವ ಒಂದು ಬಗೆಯ ಅಲೆಯನ್ನು 1885ರಲ್ಲಿ ಗಣಿತದಿಂದ ಕಂಡುಕೊಟ್ಟವರೂ ಅವರೇ. ಆ ಅಲೆಗೆ ಇಂದಿಗೂ ಅವರ ಹೆಸರೇ ಇದೆ. ಕಟ್ಟಡಗಳಲ್ಲಿ ಕಂಪನ ಅಳೆಯುವ ಕೆಲಸವನ್ನು ಆರ್ನಲ್ಫ್ ಮ್ಯಾಲಕ್ ನಡೆಸಿದರು.

ತಪ್ಪು ಎಂಜಿನ್ನಿನಲ್ಲಿತ್ತು. 44 ಟನ್ ತೂಗುತ್ತಿದ್ದ ಆ ಎಂಜಿನ್ನುಗಳ ಮೋಟರುಗಳನ್ನು ನೇರವಾಗಿ ಚಕ್ರದ ಅಚ್ಚಿನ ಮೇಲೆಯೇ ಕೂರಿಸಲಾಗಿತ್ತು. ಭಾರದ ಹೆಚ್ಚಿನ ಪಾಲಿಗೆ ಸ್ಪ್ರಿಂಗಿನ ಆಸರೆ ಇರಲಿಲ್ಲವಾದ್ದರಿಂದ ಹಳಿಯ ಪ್ರತಿಯೊಂದು ಉಬ್ಬಿಗೂ ಪೂರ್ತಿ ಪೆಟ್ಟು ಬೀಳುತ್ತಿತ್ತು. ಕಂಪನಿ ಎರಡು ಬಗೆಯ ಪ್ರಯೋಗ ಮಾಡಿತು. ಮೂರು ಎಂಜಿನ್ನುಗಳನ್ನು ಮಾರ್ಪಡಿಸಿ ತೂಕವನ್ನು 31 ಟನ್‌ಗೆ ಇಳಿಸಿ, ಹೆಚ್ಚು ಭಾರವನ್ನು ಸ್ಪ್ರಿಂಗಿನ ಮೇಲೆ ತಂದಿತು. ಇನ್ನೆರಡು ರೈಲುಗಳಲ್ಲಿ ಎಂಜಿನ್ನನ್ನೇ ಕೈಬಿಟ್ಟು ಡಬ್ಬಿಗಳಿಗೆ ಮೋಟರು ಅಳವಡಿಸಿತು. 1902ರ ಫೆಬ್ರವರಿಯ ವರದಿಯ ಪ್ರಕಾರ ಹಗುರ ಎಂಜಿನ್ನಿನಿಂದ ಕಂಪನ ತಗ್ಗಿತ್ತು, ಮೋಟರು ಡಬ್ಬಿಗಳಿಂದ ಬಹುತೇಕ ಇಲ್ಲವಾಗಿತ್ತು. 1903ರ ಜೂನ್ ಹೊತ್ತಿಗೆ ಇಡೀ ಮಾರ್ಗ ಮೋಟರು ಡಬ್ಬಿಗಳಿಗೆ ಬದಲಾಯಿತು. ಎಂಜಿನ್ ಇಲ್ಲದೆ ಡಬ್ಬಿಗಳೇ ಓಡುವ ಮೆಟ್ರೊ ಇಂದು ಎಲ್ಲೆಡೆ ರೂಢಿ. ಆ ರೂಢಿ ಲಂಡನ್ನಿನಲ್ಲಿ ಬೇರೂರುವುದಕ್ಕೆ ಕಂಪನದ ಅಳತೆಯೂ ಒಂದು ಕಾರಣ ಎಂಬುದು ನೆನಪಿಡಬೇಕಾದ ಸಂಗತಿ. ದೂರು ಬಂತು, ಅಳೆದರು, ಪರ್ಯಾಯಗಳನ್ನು ಓಡಿಸಿ ನೋಡಿದರು, ಫಲಿತಾಂಶವನ್ನು ಪ್ರಕಟಿಸಿದರು. ಇಷ್ಟು ನೇರವಾದ ಕ್ರಮವನ್ನು ಮುಂದಿನ ಎಷ್ಟೋ ಯೋಜನೆಗಳು ಪಾಲಿಸಿಲ್ಲ.

ಮುಂದಿನ ದಶಕಗಳಲ್ಲಿ ರಕ್ಷಣೆಯ ಹೊಣೆ ಕಟ್ಟಡದತ್ತ ವಾಲಿತು. 1951ರಲ್ಲಿ ತೆರೆದ ರಾಯಲ್ ಫೆಸ್ಟಿವಲ್ ಹಾಲ್‌ನ ಪಕ್ಕದಲ್ಲೇ ಹಂಗರ್‌ಫರ್ಡ್ ರೈಲು ಸೇತುವೆ ಇದೆ, ಅಡಿಯಲ್ಲಿ ಸುರಂಗ ರೈಲು ಓಡುತ್ತದೆ. ಹೀಗಾಗಿ ವಾಸ್ತುಶಿಲ್ಪಿಗಳು ಸಭಾಂಗಣವನ್ನು ಪೆಟ್ಟಿಗೆಯೊಳಗಿನ ಮೊಟ್ಟೆಯಾಗಿ ಕಲ್ಪಿಸಿ ನೆಲಮಟ್ಟದಿಂದ ಮೇಲೆತ್ತಿದರು. 1960ರ ದಶಕದಲ್ಲಿ ರಬ್ಬರು ಬಂತು. ಸೇಂಟ್ ಜೇಮ್ಸಸ್ ಪಾರ್ಕ್ ನಿಲ್ದಾಣದ ಮೇಲೆ ಎದ್ದ ಆಲ್ಬನಿ ಕೋರ್ಟ್ ಎಂಬ ವಸತಿ ಕಟ್ಟಡವನ್ನು ರಬ್ಬರಿನ ದಿಂಡುಗಳ ಮೇಲೆ ನಿಲ್ಲಿಸಲಾಯಿತು. ಬಾರ್ಬಿಕನ್ ಬಡಾವಣೆಯಲ್ಲಿ ಕಟ್ಟಡಕ್ಕೆ ಬದಲು ಹಳಿಯ ಹಾಸನ್ನೇ ರಬ್ಬರಿನ ಮೇಲೆ ಕೂರಿಸಿದರು. ಹಳಿಯ ಕೆಳಗಿನ ಕಾಂಕ್ರೀಟ್ ಹಾಸನ್ನು ರಬ್ಬರು ಅಥವಾ ಸ್ಪ್ರಿಂಗಿನ ಮೇಲೆ ತೇಲಿಸುವ ಈ ಬಗೆಯ ವಿಧಾನ ಆಮೇಲೆ ಟೊರಾಂಟೊ, ವಾಷಿಂಗ್ಟನ್ ಮೊದಲಾದ ನಗರಗಳಲ್ಲೂ ಬಳಕೆಗೆ ಬಂತು.

ಇಂದಿನ ನಿಗಾ ಎರಡು ತುದಿಗಳಲ್ಲಿ ನಡೆಯುತ್ತದೆ. ಸುರಂಗದೊಳಗೆ ಹಳಿ, ಹಾಸು, ಗೋಡೆಗಳಿಗೆ ಆಕ್ಸಲರೋಮೀಟರ್ ಅಂಟಿಸುತ್ತಾರೆ. ಮೇಲೆ ಕಟ್ಟಡದ ಪಾಯದಲ್ಲೂ ಕೋಣೆಯ ನೆಲದ ನಡುವೆಯೂ ಕಂಪನಮಾಪಕ ಇರಿಸಿ, ಕೋಣೆಯಲ್ಲಿ ಮೈಕ್ ನಿಲ್ಲಿಸುತ್ತಾರೆ. ರೈಲು ಹಾಯ್ದ ಹೊತ್ತನ್ನು ದಾಖಲೆಯೊಂದಿಗೆ ತಾಳೆ ನೋಡದಿದ್ದರೆ ಫ್ರಿಜ್ಜಿನ ಗುಂಯ್‌ಗುಡುವಿಕೆಯನ್ನೋ ಬೀದಿಯ ಲಾರಿಯನ್ನೋ ರೈಲಿನ ಲೆಕ್ಕಕ್ಕೆ ಬರೆಯುವ ಅಪಾಯವಿದೆ. ಒಂದು ರೈಲು ಇನ್ನೊಂದರಂತೆ ಇರುವುದಿಲ್ಲ. ಚಪ್ಪಟೆಯಾದ ಒಂದು ಚಕ್ರ ಇಡೀ ಅಳತೆಯನ್ನು ಏರಿಸಬಲ್ಲದು. ಅದಕ್ಕೇ ಹಲವು ರೈಲುಗಳನ್ನು ಅಳೆಯುವುದು ಕಡ್ಡಾಯ.

ಅಂಥ ಅಳತೆಗಳಲ್ಲಿ ಮಾದರಿ ಎನ್ನಬಹುದಾದದ್ದು ಐರೋಪ್ಯ ಒಕ್ಕೂಟದ ಕಾನ್‌ವರ್ಟ್ ಯೋಜನೆ ರೀಜೆಂಟ್ಸ್ ಪಾರ್ಕ್‌ನಲ್ಲಿ ನಡೆಸಿದ ಪ್ರಯೋಗ. ಬೇಕರ್ಲೂ ಮಾರ್ಗದ ಸುರಂಗದಲ್ಲಿ ಪರೀಕ್ಷಾ ರೈಲನ್ನು ಗಂಟೆಗೆ 20ರಿಂದ 50 ಕಿ.ಮೀ. ವೇಗದಲ್ಲಿ 35 ಸಲ ಓಡಿಸಿ, ಚಕ್ರದ ಅಚ್ಚಿನಿಂದ ಹಿಡಿದು ಹಳಿ, ಸುರಂಗ, 15 ಮೀಟರ್ ಆಳದ ಮಣ್ಣು, ನೆಲದ ಮೇಲ್ಮೈ, 70 ಮೀಟರ್ ದೂರದ ಎರಡು ಕಟ್ಟಡಗಳವರೆಗೆ ಕಂಪನದ ಇಡೀ ಪಯಣವನ್ನು ದಾಖಲಿಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಕಂಪ್ಯೂಟರ್ ಲೆಕ್ಕಾಚಾರಗಳು ಎಷ್ಟು ನಂಬಲರ್ಹ ಎಂದು ಪರೀಕ್ಷಿಸುವುದಕ್ಕೆ ಇಂಥ ನೇರ ದಾಖಲೆಯೇ ಬೇಕು.

ಮಿತಿಯ ವಿಷಯದಲ್ಲಿ ಒಮ್ಮತ ಪೂರ್ಣವಾಗಿಲ್ಲ. 1999ರಲ್ಲಿ ತೆರೆದ ಜೂಬಿಲಿ ಮಾರ್ಗದ ವಿಸ್ತರಣೆಗೂ, 2022ರ ಮೇ 24ರಂದು ತೆರೆದ ಎಲಿಜಬೆತ್ ಮಾರ್ಗಕ್ಕೂ ಮನೆಗಳೊಳಗೆ 40 ಡೆಸಿಬೆಲ್‌ನ ಗುರಿ ಇತ್ತು. ಎರಡನೆಯದಕ್ಕೆ ಧ್ವನಿಮುದ್ರಣ ಸ್ಟುಡಿಯೊಗಳಲ್ಲಿ 30, ಸಂಗೀತ ಸಭಾಂಗಣಗಳಲ್ಲಿ 25 ಎಂದು ನಿಗದಿಯಾಗಿತ್ತು. ಸೋಹೊ ಮತ್ತು ಬಾರ್ಬಿಕನ್ ಅಡಿಯಲ್ಲಿ ತೇಲುವ ಹಾಸು ಹಾಕಿದ್ದು ಅದಕ್ಕಾಗಿಯೇ. ಅಮೆರಿಕದ ಮಾರ್ಗಸೂಚಿ ರೈಲು ಪದೇಪದೇ ಓಡುವ ಕಡೆ ಮನೆಗಳಿಗೆ 35 ಡೆಸಿಬೆಲ್ ಎನ್ನುತ್ತದೆ. 2005ರ ಐಎಸ್‌ಒ 14837-1 ಮಾನದಂಡ ಅಂದಾಜು ಮತ್ತು ಅಳತೆಯ ಕ್ರಮವನ್ನು ವಿವರಿಸುತ್ತದೆ. ಇಲ್ಲಿ ಒಂದು ಆಕ್ಷೇಪ ನ್ಯಾಯವಾದದ್ದು. ಎ-ತೂಕದ ಡೆಸಿಬೆಲ್ ಲೆಕ್ಕ ಮಂದ್ರ ಸದ್ದಿಗೆ ಕಡಿಮೆ ಬೆಲೆ ಕೊಡುತ್ತದೆ, ರೈಲಿನ ಗುಡುಗಾದರೋ ಪೂರ್ತಿ ಮಂದ್ರದ್ದೇ. ಅಂಕಿ ಮಿತಿಯೊಳಗಿದೆ ಎಂದಮಾತ್ರಕ್ಕೆ ನಿದ್ದೆಗೆಟ್ಟವರ ಮಾತು ಸುಳ್ಳಾಗುವುದಿಲ್ಲ.

ನಿಗಾ ಉದ್ಘಾಟನೆಯ ದಿನಕ್ಕೆ ಮುಗಿಯುವಂಥದ್ದೂ ಅಲ್ಲ. ವರ್ಷಗಳು ಕಳೆದಂತೆ ಹಳಿಯ ಮೇಲೆ ಅಲೆಅಲೆಯಾದ ಸವೆತ ಮೂಡಿ, ಮೊದಲು ಸುಮ್ಮನಿದ್ದ ಮನೆಗಳಲ್ಲೂ ಸದ್ದು ಕೇಳಿಸತೊಡಗುತ್ತದೆ. ಹಳಿ ಉಜ್ಜಿ ನಯಗೊಳಿಸಿದರೆ ತಗ್ಗುತ್ತದೆ, ಆಮೇಲೆ ಮತ್ತೆ ಏರುತ್ತದೆ. ಹಳಿಯನ್ನು ಮೆತ್ತನೆಯ ಬಂಧಕಗಳಲ್ಲಿ ಹಿಡಿದರೆ ಮೇಲಿನ ಮನೆಗೆ ನೆಮ್ಮದಿ. ಆದರೆ ಹಳಿ ಸಡಿಲವಾಗಿ ಮಿಡಿಯುವುದರಿಂದ ಸುರಂಗದೊಳಗೆ, ಪ್ರಯಾಣಿಕರ ಮತ್ತು ಚಾಲಕರ ಕಿವಿಗೆ, ಸದ್ದು ಹೆಚ್ಚಬಹುದು. ಒಬ್ಬರ ನೆಮ್ಮದಿಯನ್ನು ಇನ್ನೊಬ್ಬರ ಕಿವಿಯಿಂದ ವಸೂಲಿ ಮಾಡದಂತೆ ಎರಡೂ ಕಡೆ ಅಳೆಯಬೇಕಾಗುತ್ತದೆ.

ಭಾರತದ ಮೊದಲ ಮೆಟ್ರೊ 1984ರಲ್ಲಿ ಕೋಲ್ಕತ್ತದಲ್ಲಿ ಓಡಿತು. ಮೆಟ್ರೊಗಳ ಸದ್ದು ಮತ್ತು ಕಂಪನದ ಬಗ್ಗೆ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ 2015ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬೆಂಗಳೂರಿನ ನಮ್ಮ ಮೆಟ್ರೊ 2016ರಲ್ಲಿ ಕಬ್ಬನ್ ಪಾರ್ಕ್, ವಿಧಾನಸೌಧ, ಮೆಜೆಸ್ಟಿಕ್‌ಗಳ ಅಡಿಯಲ್ಲಿ ಓಡತೊಡಗಿತು. ಲಂಡನ್ನಿನ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ತಂದುಕೊಳ್ಳಲಾಗದು. ಅಲ್ಲಿನದು ಜೇಡಿ, ಕಂಪನವನ್ನು ದಾರಿಯಲ್ಲೇ ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಬೆಂಗಳೂರಿನದು ಗಟ್ಟಿ ಕಲ್ಲೂ ಶಿಥಿಲ ಮಣ್ಣೂ ಬೆರೆತ ನೆಲ. ಬಂಡೆಯಲ್ಲಿ ಹೆಚ್ಚಿನ ಆವರ್ತನದ ಕಂಪನ ಅಷ್ಟು ಬೇಗ ನಂದುವುದಿಲ್ಲ. ಆದ್ದರಿಂದ ಇಲ್ಲಿನ ನೆಲದಲ್ಲೇ, ಇಲ್ಲಿನ ಮನೆಗಳಲ್ಲೇ ಅಳತೆ ನಡೆಯಬೇಕು. ರೈಲು ಓಡುವ ಮುಂಚಿನ ಸದ್ದಿನ ದಾಖಲೆಯನ್ನು ರೈಲು ಓಡಿದ ಮೇಲೆ ಯಾರೂ ತಯಾರಿಸಲಾರರು. ಹೊಸ ಸುರಂಗ ಕೊರೆಯುವ ಪ್ರತಿ ನಗರವೂ ಆ ದಾಖಲೆಯನ್ನು ಮೊದಲೇ ಮಾಡಿಟ್ಟು, ಮೇಲೆ ವಾಸಿಸುವವರ ಕೈಗೆ ಸಿಗುವಂತೆ ಪ್ರಕಟಿಸಬೇಕು.